ಚಿವುಟಿದ ಎಲೆ

ಮುತ್ತಜ್ಜಿಗೆ ಗೊತ್ತಿಲ್ಲದ ಮನೆತನವಿಲ್ಲ. ಬಾಗಲಕೋಟೆ ನವನಗರದ ವಂಶವೃಕ್ಷ ಕೇಂದ್ರದಲ್ಲಿ ಕೆಲಸ ಮಾಡುವವರು ಅಲ್ಲಿನ ಯಂತ್ರಕ್ಕೆ ಇಟ್ಟ ಹೆಸರು ಅದು. ಸರ್ಕಾರ ಇಟ್ಟ ಹೆಸರು ಒಂದು ಸಾಲಿನಷ್ಟು ಉದ್ದವಿತ್ತು, ಅದನ್ನು ನೆನಪಿಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಯಾರ ಮಗ ಯಾರು, ಯಾರ ರಕ್ತದಲ್ಲಿ ಎಂಥ ದೋಷವಿದೆ, ಯಾರ ಮನೆಯ ಮಗು ಯಾವ ಕಾಯಿಲೆಯಿಂದ ಸತ್ತಿತು ಎಂಬುದೆಲ್ಲ ಅದರ ಹೊಟ್ಟೆಯೊಳಗಿತ್ತು. ಕೇಳಿದರೆ ಪರದೆಯ ಮೇಲೆ ಒಂದು ಮರ ಬರೆದು ತೋರಿಸುತ್ತಿತ್ತು. ಬದುಕಿರುವವರು ಹಸಿರೆಲೆ, ವಯಸ್ಸಾಗಿ ಹೋದವರು ಹಳದಿ ಎಲೆ, ಹುಟ್ಟಿನಿಂದ ಬಂದ ಕಾಯಿಲೆಗೆ ಬಲಿಯಾದವರು ಕೆಂಪೆಲೆ.

ಮೊದಮೊದಲು ಜನ ಈ ಮರವನ್ನು ನೋಡಿ ಬೆರಗಾದರು. ಆಮೇಲೆ ಜಾಣರಾದರು. ಹೆಣ್ಣು ನೋಡಲು ಬಂದವರು ಜಾತಕದ ಬದಲು ಮರ ತೋರಿಸಿ ಎನ್ನತೊಡಗಿದರು. ಒಂದು ಕೆಂಪೆಲೆ ಕಂಡರೆ ಸಾಕು, ಕೊಟ್ಟ ಚಹಾ ಕುಡಿಯದೆ ಎದ್ದು ಹೋಗುತ್ತಿದ್ದರು. ಹಾಗಾಗಿ ಊರೂರಿಗೆ ಮಾಲಿಗಳು ಹುಟ್ಟಿಕೊಂಡರು. ಗಿಡಕ್ಕೆ ನೀರು ಹಾಕುವ ಮಾಲಿಗಳಲ್ಲ ಇವರು. ಆಸ್ಪತ್ರೆಯ ಹಳೆಯ ದಾಖಲೆಗಳೊಳಗೆ ಕೈಯಾಡಿಸಿ, ಸತ್ತ ಕೂಸು ಹುಟ್ಟಿಯೇ ಇರಲಿಲ್ಲ ಎಂದು ಮಾಡಿಕೊಡುವವರು. ಜನ ಅದಕ್ಕೆ ‘ಎಲೆ ಚಿವುಟಿಸುವುದು’ ಎನ್ನುತ್ತಿದ್ದರು, ಸೊಪ್ಪು ಸೋಸುವಷ್ಟು ಸಲೀಸಾಗಿ.

ಮಹಾನಂದಾ ಆ ಕೇಂದ್ರದಲ್ಲಿ ಪರಿಶೀಲಕಿ. ಜಿಲ್ಲೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ರಕ್ತದ ವರದಿ ಅವಳ ಮುಂದೆ ಬರುತ್ತಿತ್ತು. ಡಾಕ್ಟರರ ಪಟ್ಟಿಯಲ್ಲಿಲ್ಲದ ದೋಷ ಕಂಡರೆ ಮುತ್ತಜ್ಜಿ ಆ ಮನೆತನದ ಮರ ಜಾಲಾಡಿ ‘ಅಪಾಯ’ ಅಥವಾ ‘ನಿರಪಾಯ’ ಎಂದು ತೀರ್ಪು ಕೊಡುತ್ತಿತ್ತು, ಇವಳು ಗುಂಡಿ ಒತ್ತಿ ಒಪ್ಪಿಗೆ ಹಾಕುತ್ತಿದ್ದಳು. ಬಹುತೇಕ ಎಲ್ಲವೂ ನಿರಪಾಯವೇ. ನಮ್ಮ ಕಡೆಯ ಮಂದಿ ಗಟ್ಟಿ ಎಂದು ಅವಳು ಹೆಮ್ಮೆಪಟ್ಟುಕೊಂಡದ್ದೂ ಉಂಟು. ತನ್ನ ಮಗಳು ತುಂಗಾಳ ವರದಿಗೂ ಹಾಗೆಯೇ ಗುಂಡಿ ಒತ್ತಿ, ಹಾಲುಣಿಸಲು ಮನೆಗೆ ಹೋಗಿದ್ದಳು.

ತುಂಗಾ ಸುಲಭಕ್ಕೆ ಹುಟ್ಟಿದ ಕೂಸಲ್ಲ. ಮದುವೆಯಾಗಿ ನಾಲ್ಕು ವರ್ಷ ಮಹಾನಂದಾಳ ಮಡಿಲು ತುಂಬಿರಲಿಲ್ಲ. ಅವಳ ಅತ್ತೆ ನಿಂಬೆವ್ವ ಬೇರೆ ಯಾರೂ ಅಲ್ಲ, ಅವಳ ತಂದೆಯ ಒಡಹುಟ್ಟಿದ ಅಕ್ಕ. ಸೋದರತ್ತೆಯೇ ಅತ್ತೆಯಾದ ಮೇಲೆ ಕೇಳಬೇಕೆ? ಸಲುಗೆಯೂ ಹೆಚ್ಚು, ಅಧಿಕಾರವೂ ಹೆಚ್ಚು. ಮಠದ ಭಸ್ಮ ತಿನ್ನಿಸಿದಳು, ಅಮಾವಾಸ್ಯೆಗೆ ಅರಳಿಕಟ್ಟೆ ಸುತ್ತಿಸಿದಳು, ಒಂದು ಸೋಮವಾರ ತಲೆಸ್ನಾನವಾದ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, “ಪ್ರಸಾದ ಐತಿ, ಅಗಿಬ್ಯಾಡ, ನುಂಗು” ಎಂದು ಬಾಳೆಹಣ್ಣಿನ ತುಂಡು ಬಾಯಿಗಿಟ್ಟಳು. ಮಹಾನಂದಾ ಎಲ್ಲವನ್ನೂ ಮಾಡಿದಳು. ಹಟ ಮಾಡುವುದಕ್ಕಿಂತ ನುಂಗುವುದು ಸುಲಭ ಎಂಬುದು ಆ ಮನೆಯಲ್ಲಿ ಅವಳು ಕಲಿತ ಮೊದಲ ಪಾಠ.

ತುಂಗಾಳಿಗೆ ಐದನೇ ತಿಂಗಳು ನಡೆಯುತ್ತಿದ್ದಾಗ ಒಂದು ಸಂಜೆ ನೆಗಡಿಯಾಗಿ ಮೈ ಬೆಚ್ಚಗಾಯಿತು. ಅಂಥ ದೊಡ್ಡ ಜ್ವರವೇನಲ್ಲ. ಆದರೆ ಯಾವುದಕ್ಕೂ ಜಗ್ಗದ ನಿಂಬೆವ್ವ ಕೂಸಿನ ಪಕ್ಕ ಬಿಟ್ಟು ಕದಲಲಿಲ್ಲ. ಒದ್ದೆ ಬಟ್ಟೆ ಹಿಂಡಿ ಹಿಂಡಿ ಕೂಸಿನ ಹಣೆಗೆ ಇಡುತ್ತಾ, “ಜ್ವರಾ ಏರಗೊಡಬ್ಯಾಡ ಯವ್ವಾ. ಅಂವಗೂ ಹಿಂಗ ನೆಗಡಿ ಆಗಿ ಜ್ವರಾ ಬಂತು, ಆಮ್ಯಾಲ ಕುತ್ತಿಗಿ ನಿಲ್ಲಲೇ ಇಲ್ಲ” ಎಂದಳು.

“ಯಾರಿಗಿ ಅತ್ತಿ?”

ನಿಂಬೆವ್ವ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎನ್ನುತ್ತಾ ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಜ್ವರ ಮರುದಿನವೇ ಇಳಿಯಿತು. ಮಹಾನಂದಾಳ ತಲೆಗೆ ಹೊಕ್ಕ ಮಾತು ಇಳಿಯಲಿಲ್ಲ. ಗಂಡ ಸಂಗನಬಸು ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು, ಮನೆಯಲ್ಲಿ ತಾಯಿಯ ಮಗ. ಅವನನ್ನು ಹಿಡಿದು ನಿಲ್ಲಿಸಿ ಕೇಳಿದಾಗ ಮೊದಲು ಕಿವಿ ತುರಿಸಿಕೊಂಡ, ಆಮೇಲೆ ಹೇಳಿದ.

“ನನಗಿಂತ ಮೊದಲ ಒಬ್ಬ ಇದ್ನಂತ. ಗುರುಸಿದ್ಧ ಅಂತ ಹೆಸರು. ಚಲೋ ಆಡಕೋತ ಇದ್ದಾಂವ, ಏಳನೇ ತಿಂಗಳದಾಗ ನಗೂದು ಬಿಟ್ನಂತ, ಕುತ್ತಿಗಿ ಚೆಲ್ಲಿದ್ನಂತ, ಕಡೀಕ ನುಂಗೂದೂ ಬಿಟ್ನಂತ. ನಾ ಏನ್ ನೋಡಿಲ್ಲ.”

“ಮರದಾಗ ಯಾಕಿಲ್ಲ?”

“ತಂಗಿ ದಾಕ್ಷಿ ಹುಟ್ಟಿದ ಮ್ಯಾಲ ಅವ್ವ ತೆಗಿಸಿದ್ಲು. ಹೆಣ್ಣಮಗಳ ಲಗ್ನ ಆಗಬೇಕಲ್ಲ. ಎಲ್ಲಾರೂ ತೆಗಸ್ತಾರ, ನಮ್ಮದೇನ್ ಹೊಸಾದಲ್ಲ.”

“ನನ್ನ ಲಗ್ನದ ಮುಂದ ನನಗ ಹೇಳಬಾರದಿತ್ತೇನ್ರಿ?”

“ನೀ ಏನ್ ಹೊರಗಿನಾಕಿ? ಸ್ವಾದರಮಾವನ ಮಗಳು. ನಿಮ್ಮಪ್ಪಗ ಗೊತ್ತೇ ಇತ್ತು, ಆ ಕೂಸನ್ನ ಮಣ್ಣಿಗಿ ಹೊತಗೊಂಡು ಹೋದಾವನ ಅಂವ. ಮನಿಯಾಕಿಗಿ ಮನೀ ಸುದ್ದಿ ಏನ್ ಹೇಳೂದು ಅಂತ ಸುಮ್ಮನಿದ್ವಿ.”

ಅವನು ಇದನ್ನು ಸಮಾಧಾನದ ಮಾತೆಂಬಂತೆ ಹೇಳಿದ. ಮಹಾನಂದಾಳಿಗೆ ಹೇಸಿಗೆಯಾಯಿತು. ಅವನ ಮೇಲಲ್ಲ ಅಷ್ಟಾಗಿ. ಹೆತ್ತ ಅಪ್ಪನ ಮೇಲೆ, ತಾನು ಸೋದರಳಿಯನ ಹೆಣ ಹೊತ್ತ ಮನೆಗೇ ಮಗಳನ್ನು ಅರಿಶಿನ ಹಚ್ಚಿ ಕಳಿಸಿದ ಆ ಮನುಷ್ಯನ ಮೇಲೆ.

*

ಜಿಲ್ಲಾಸ್ಪತ್ರೆಯ ನರರೋಗ ವಿಭಾಗ ಕೇಂದ್ರದ ಎದುರಿಗೇ ಇತ್ತು. ಅಲ್ಲಿನ ಡಾಕ್ಟರ್ ಫರ್ಜಾನಾ ಮುಲ್ಲಾ, ಮಹಾನಂದಾಳಿಂದ ಗುರುಸಿದ್ಧನ ಸುದ್ದಿ ಕೇಳಿ ತುಂಗಾಳ ವರದಿ ತೆರೆದು ಓದಿದರು. ಕಾಯಿಲೆಯ ಹೆಸರು ಲ್ಯೂಕೋಡಿಸ್ಟ್ರೋಫಿ, ಅದರಲ್ಲೂ ಅಪರೂಪದ ಒಂದು ಬಗೆ ಇರಬಹುದು ಎಂದರು. ಮಹಾನಂದಾಳಿಗೆ ಆ ಹೆಸರು ಗೊತ್ತಿತ್ತು, ದಿನಾ ಪರದೆಯ ಮೇಲೆ ಓದುತ್ತಿದ್ದ ಸಾವಿರ ಹೆಸರುಗಳಲ್ಲಿ ಒಂದಾಗಿ.

ಮಿದುಳಿನ ಬೂದು ಭಾಗ ಯೋಚಿಸುತ್ತದೆ, ಬಿಳಿ ಭಾಗ ಆ ಯೋಚನೆಯನ್ನು ಕೈಕಾಲಿಗೆ ಮುಟ್ಟಿಸುತ್ತದೆ. ಬಿಳಿ ಭಾಗವೆಂದರೆ ನರತಂತಿಗಳ ಕಟ್ಟು, ಪ್ರತಿ ತಂತಿಗೂ ಕೊಬ್ಬಿನದೊಂದು ಹೊದಿಕೆ. ಈ ಕಾಯಿಲೆಯಲ್ಲಿ ಹೊದಿಕೆ ಕರಗಿಹೋಗುತ್ತದೆ. ಇಲಿ ಕಡಿದ ವೈರಿನಂತೆ ತಂತಿ ಬತ್ತಲಾಗುತ್ತದೆ, ಮಿದುಳು ಹೇಳಿದ್ದು ಕತ್ತಿಗೆ, ಕಣ್ಣಿಗೆ, ಗಂಟಲಿಗೆ ತಲುಪುವುದಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿ ಬಂದ ಕೂಸಿಗೆ ಮಾತ್ರ ಹೀಗಾಗುತ್ತದೆ. ತುಂಗಾಳಿಗೆ ಎರಡೂ ಬಂದಿದ್ದವು. ಆದರೆ ಆ ದೋಷ ಈ ಕಾಯಿಲೆ ತರುವಷ್ಟು ಕೆಟ್ಟದ್ದೋ ಅಲ್ಲವೋ ಎಂಬಲ್ಲಿ ರಕ್ತದ ಪರೀಕ್ಷೆ ಅತ್ತಲೂ ವಾಲದೆ ಇತ್ತಲೂ ವಾಲದೆ ನಡುವೆ ನಿಂತಿತ್ತು.

“ಔಷಧ ಐತಿ,” ಎಂದರು ಫರ್ಜಾನಾ. “ಕೂಸಿನ ಎಲುಬಿನ ಮಜ್ಜಿ ಪೂರಾ ಅಳಿಸಿ, ತಿದ್ದಿದ ಜೀವಕೋಶ ಹಾಕ್ತೀವಿ. ಅವು ಮಿದುಳಿಗೆ ಹೋಗಿ ಹೊದಿಕೆ ಕಾಯ್ತಾವ. ಆದರ ಮೊದಲ ಲಕ್ಷಣ ಕಾಣೂದ್ರೊಳಗ ಆಗಬೇಕು, ಕಂಡ ಮ್ಯಾಲ ಮಾಡಿ ಉಪಯೋಗಿಲ್ಲ. ಮತ್ತ ಅಳಸೂ ಔಷಧನ ವಿಷ ಇದ್ದಂಗ. ಅದರಿಂದನ ಕೂಸು ಹೋದದ್ದೂ ಐತಿ. ಮುತ್ತಜ್ಜಿ ನಿರಪಾಯ ಅಂದಿರೋ ಕೂಸಿಗೆ ನಾ ಅದನ್ನ ಹಾಕಾಕ ಬರಂಗಿಲ್ಲ.”

“ಮುತ್ತಜ್ಜಿ ಯಾಕ ನಿರಪಾಯ ಅಂತು ಮೇಡಂ?”

“ನೀವ ಅಲ್ಲೇ ಕೆಲಸಾ ಮಾಡ್ತೀರಿ. ನನ್ನ ಕೇಳ್ತೀರಿ?”

ಕೇಳಬೇಕಾಗಿರಲಿಲ್ಲ. ಮಹಾನಂದಾ ತನ್ನ ಕುರ್ಚಿಗೆ ಮರಳಿ ಕೂತು, ತೀರ್ಪಿನ ಕೆಳಗಿದ್ದ ಕಾರಣವನ್ನು ಮೊದಲ ಸಲ ಓದಿದಳು. ಈ ದೋಷ ಈ ಬಳಗದಲ್ಲಿ ತಲೆಮಾರುಗಳಿಂದ ಇದೆ. ಬಳಗದಲ್ಲಿ ಒಳಸಂಬಂಧಗಳು ಹೇರಳ. ಸೋದರಮಾವನಿಗೆ ಕೊಟ್ಟದ್ದು, ಅತ್ತೆಯ ಮಗನಿಗೆ ತಂದದ್ದು. ದೋಷ ಕೆಟ್ಟದ್ದಾಗಿದ್ದರೆ ಇಷ್ಟು ಹೊತ್ತಿಗೆ ಕೆಂಪೆಲೆಗಳು ಕಾಣಬೇಕಿತ್ತು. ಒಂದೂ ಕಾಣುತ್ತಿಲ್ಲ. ಆದ್ದರಿಂದ ನಿರಪಾಯ.

ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಮುತ್ತಜ್ಜಿ ಸುಳ್ಳು ಹೇಳಿರಲಿಲ್ಲ. ಮನೆಮನೆಯವರು ತಿನ್ನಿಸಿದ ಸುಳ್ಳನ್ನು ನುಂಗಿ, ಅದನ್ನೇ ಸತ್ಯವೆಂದು ಕಕ್ಕಿತ್ತು. ಆ ಕಕ್ಕಿದ್ದರ ಮೇಲೆ ಗುಂಡಿ ಒತ್ತಿದ ಬೆರಳು ತನ್ನದೇ ಎಂಬುದು ನೆನಪಾಗಿ ಮಹಾನಂದಾ ಕೈಯನ್ನು ಸೀರೆಗೆ ಒರೆಸಿಕೊಂಡಳು.

ತೀರ್ಪು ಬದಲಾಗಬೇಕಾದರೆ ದಾರಿ ಎರಡೇ. ಅದೇ ಕಾಯಿಲೆಯಿಂದ ಸತ್ತ ಕೂಸಿನ ದೇಹದ ತುಣುಕು ಬೇಕು. ಇಲ್ಲವೆ ಹೆತ್ತವಳು ನೋಂದಣಿ ಕ್ಯಾಮೆರಾದ ಮುಂದೆ ನಿಂತು, ನನ್ನ ಕೂಸು ಹೀಗೆ ಸತ್ತಿತು ಎಂದು ಬಾಯಿಬಿಟ್ಟು ಹೇಳಬೇಕು. ಎರಡನೆಯದನ್ನು ಈವರೆಗೆ ಒಬ್ಬರೂ ಮಾಡಿರಲಿಲ್ಲ.

ಗುರುಸಿದ್ಧನನ್ನು ಹೂತ ಜಾಗ ಈಗ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿತ್ತು. ಹಳೆ ಊರಿನ ಜೊತೆ ಹಳೆ ಹೆಣಗಳೂ ಮುಳುಗಿದ್ದವು.

*

“ಅತ್ತಿ, ಒಂದ ಮಾತು ಹೇಳ್ರಿ ಸಾಕು. ಕ್ಯಾಮೆರಾದ ಮುಂದ. ತುಂಗಾಗ ಔಷಧ ಸಿಗ್ತೈತಿ.”

ನಿಂಬೆವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ. “ದಾಕ್ಷಿ ಲಗ್ನ ಆಗಲಿ. ಆಮ್ಯಾಲ ಹೇಳ್ತೀನಿ.”

ನಾದಿನಿ ದಾಕ್ಷಾಯಣಿಗೆ ಗುಳೇದಗುಡ್ಡದಲ್ಲಿ ಗಂಡು ಗೊತ್ತಾಗಿತ್ತು. ಅದೂ ಒಳಗಿನ ಸಂಬಂಧವೇ, ನಿಂಬೆವ್ವನ ತವರಿನ ಬಳ್ಳಿ. ಮುಂದಿನ ವಾರ ಎರಡೂ ಮನೆಯ ಮರ ತೋರಿಸುವ ವೃಕ್ಷಪೂಜೆ, ಲಗ್ನ ದೀಪಾವಳಿ ಕಳೆದ ಮೇಲೆ.

“ಅಲ್ಲೀತನಕ ತುಂಗಾಗ ಎಂಟು ತುಂಬತಾವ. ಗುರುಸಿದ್ಧಗ ಏಳರಾಗ ಸುರು ಆಗಿತ್ತಂತ.”

“ಅವನ ಹೆಸರು ತಗೀಬ್ಯಾಡ!” ನಿಂಬೆವ್ವನ ದನಿ ಚುರುಕ್ಕೆಂದಿತು. ಆಮೇಲೆ ತಗ್ಗಿತು. “ಎಲ್ಲಾ ಕೂಸಿಗೂ ಆಗ್ತೈತಂತ ಎಲ್ಲೈತಿ? ಸಂಗನಬಸುಗ ಆತೇನು? ದಾಕ್ಷಿಗ ಆತೇನು? ನಿಮ್ಮ ಮಿಷನ್ನ ಏನೂ ಆಗಂಗಿಲ್ಲ ಅಂದೈತಲ್ಲ. ಅದಕ್ಕಿಂತ ನಿನಗ ಹೆಚ್ಚು ತಿಳೀತೈತೇನ್?”

ತಾನೇ ಮೋಸ ಮಾಡಿದ ಯಂತ್ರವನ್ನು ತಾನೇ ಸಾಕ್ಷಿಗೆ ಕರೆಯುವ ಆ ಧೈರ್ಯ ಕಂಡು ಮಹಾನಂದಾ ಎದ್ದು ಒಳಗೆ ನಡೆದಳು.

ಆಗ ಅವಳಿಗೆ ನೆನಪಾದದ್ದು ತಾಯತ. ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಹಿಂದೆ, ಕಪ್ಪು ದಾರದ ಒಂದು ಬೆಳ್ಳಿ ತಾಯತವಿತ್ತು. ಕೂಸಿನ ಹೊಕ್ಕುಳಬಳ್ಳಿ ಒಣಗಿ ಬಿದ್ದರೆ ಅದನ್ನು ತಾಯತದಲ್ಲಿಟ್ಟು, ಅರಗಿನಿಂದ ಬಾಯಿ ಮುಚ್ಚಿ, ಕೂಸಿನ ಸೊಂಟಕ್ಕೆ ಕಟ್ಟುವುದು ಆ ಮನೆಯ ಪದ್ಧತಿ. ಸಂಗನಬಸುವಿನದು, ದಾಕ್ಷಾಯಣಿಯದು ಅವರವರ ಪೆಟ್ಟಿಗೆಯಲ್ಲಿದ್ದವು. ಈ ಮೂರನೆಯದು ಯಾರದು ಎಂದು ಸೊಸೆಯಾಗಿ ಬಂದ ಹೊಸತರಲ್ಲಿ ಕೇಳಿದ್ದಳು. ದೇವರದು ಎಂದಿದ್ದಳು ನಿಂಬೆವ್ವ.

ಒಣಗಿದ ಬಳ್ಳಿಯ ಉಗುರಿನಷ್ಟು ತುಣುಕು ಸಾಕು, ವಂಶವಾಹಿ ಓದಬಹುದು. ಮಾಲಿಗಳ ಕೈಗೆ ಸಿಗದ ಒಂದೇ ಎಲೆ ಜಗಲಿಯ ಮೇಲೆ ಕೂತಿತ್ತು. ಅತ್ತೆ ನಾದಿನಿ ಇಬ್ಬರೂ ಸೀರೆ ಕೊಳ್ಳಲು ಇಳಕಲ್ಲಿಗೆ ಹೋದ ದಿನ ಮಹಾನಂದಾ ಕೈಮುಗಿದು, ತಾಯತವನ್ನು ಎತ್ತಿ ಕರ್ಚೀಫಿನಲ್ಲಿ ಸುತ್ತಿಕೊಂಡಳು. ದೇವರ ಮುಂದೆ ಕಳವು ಮಾಡುವಾಗಲೂ ಅವಳಿಗೆ ಅಳುಕಾಗಲಿಲ್ಲ. ಆ ಜಗಲಿಯ ಮೇಲೆ ದೇವರಿಗಿಂತ ಹೆಚ್ಚು ಸುಳ್ಳೇ ಇತ್ತು ಎನಿಸಿತ್ತು.

ಪ್ರಯೋಗಾಲಯದಲ್ಲಿ ಫರ್ಜಾನಾ ಅರಗನ್ನು ಬಿಸಿ ಮಾಡಿ ಮುಚ್ಚಳ ತೆಗೆದರು. ಇಕ್ಕಳ ಹಾಕಿ ಎಳೆದರು. ಕುಂಕುಮ ಹಚ್ಚಿದ ಹತ್ತಿಯ ಉಂಡೆ ಹೊರಗೆ ಬಂತು. ಅದರ ಹಿಂದೆ ಏನೂ ಇರಲಿಲ್ಲ. ಒಳಗೋಡೆ ಕೆರೆದು ಯಂತ್ರಕ್ಕೆ ಹಾಕಿದರು. ಹತ್ತಿ, ಕುಂಕುಮ, ಸೋಪು.

“ಯಾರೋ ತೊಳದು ಒರಸ್ಯಾರ,” ಎಂದರು ಫರ್ಜಾನಾ. “ಅರಗೂ ಹಳೇದಲ್ಲ. ಒಂದೆರಡು ವರ್ಷದ್ದು ಇರಬೇಕು.”

ಮಹಾನಂದಾ ಖಾಲಿ ತಾಯತವನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡಳು.

*

ಸೀರೆಗಳ ಗಂಟು ಇಳಿಸುವ ಮೊದಲೇ ಅವಳು ಖಾಲಿ ತಾಯತವನ್ನು ಅತ್ತೆಯ ಮುಂದೆ ಇಟ್ಟಳು. ದಾಕ್ಷಾಯಣಿ ಒಳಕೋಣೆಯಲ್ಲಿ ಕನ್ನಡಿಯ ಮುಂದೆ ಸೆರಗು ಹಾಕಿ ನೋಡಿಕೊಳ್ಳುತ್ತಿದ್ದಳು.

“ಬಳ್ಳಿ ಎಲ್ಲಿಟ್ಟೀರಿ ಅತ್ತಿ?”

ಕದ್ದದ್ದಕ್ಕೆ ಬೈಯುತ್ತಾಳೆ ಎಂದುಕೊಂಡಿದ್ದಳು. ನಿಂಬೆವ್ವ ಬೈಯಲಿಲ್ಲ. ಬದಲಿಗೆ ಅವಳ ಮುಖದಲ್ಲಿ ಒಂದು ನಗೆ ಮೂಡಿತು, ಬಹಳ ದಿನ ಬಚ್ಚಿಟ್ಟ ಸಿಹಿ ಸುದ್ದಿಯನ್ನು ಕೊನೆಗೂ ಹೇಳುವವರ ನಗೆ.

“ಎಲ್ಲೂ ಹೋಗಿಲ್ಲ ಬಿಡು. ನಿನ್ನ ಹೊಟ್ಟ್ಯಾಗ ಐತಿ.”

“ಏನಂದ್ರಿ?”

“ಚೊಚ್ಚಲ ಗಂಡ ಕೂಸಿನ ಬಳ್ಳಿ ನುಂಗಿದ್ರ ಬಂಜಿ ಹೊಟ್ಟಿನೂ ಹಣ್ಣಾಗ್ತೈತಿ ಅಂತ ನಮ್ಮವ್ವ ಹೇಳತಿದ್ಲು. ನಾಕ ವರ್ಷ ಕಾದೆ. ಆಮ್ಯಾಲ ಬಾಳಿಹಣ್ಣಿನಾಗ ಇಟ್ಟು ಕೊಟ್ಟೆ. ಅದಾದ ಮ್ಯಾಲ ಎರಡು ತಿಂಗಳಿಗಿ ನೀ ಬಸರಾದಿ, ನೆನಪೈತಿಲ್ಲ? ನನ್ನ ಗುರುಸಿದ್ಧನ ಹೊಳ್ಳಿ ಬಂದಾನ. ತುಂಗಾನ ಕಣ್ಣು ನೋಡು, ಥೇಟ್ ಅವನ್ದ.”

ಸೋಮವಾರ. ತಲೆಸ್ನಾನ. ಪೂರ್ವಕ್ಕೆ ಮುಖ. ಹಣ್ಣಿನ ನಡುವೆ ನಾಲಿಗೆಗೆ ತಾಗಿದ ಒಂದು ಗಡುಸು ಚೂರು. ಬಾಳೆಹಣ್ಣಿನ ನಾರು ಎಂದುಕೊಂಡು ನೀರು ಕುಡಿದಿದ್ದಳು.

ಮಹಾನಂದಾ ಹಿತ್ತಲಿಗೆ ಓಡಿದಳು. ಬಚ್ಚಲ ಕಟ್ಟೆ ಹಿಡಿದು ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದಳು. ಒಂದೂವರೆ ವರ್ಷದ ಹಿಂದೆ ತಿಂದದ್ದು ಈಗ ಬರುತ್ತದೆಯೇ? ಬೆಳಗಿನ ಅವಲಕ್ಕಿ ಬಂತು, ಆಮೇಲೆ ಹುಳಿನೀರು, ಆಮೇಲೆ ಏನೂ ಬರಲಿಲ್ಲ. ತನ್ನ ಕೂಸನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ತಾನೇ, ಕೈಮುಗಿದು, ಪ್ರಸಾದವೆಂದು ತಿಂದು ಅರಗಿಸಿಕೊಂಡಿದ್ದಳು. ಎಂಎಸ್ಸಿ ಓದಿದವಳು. ವಂಶವಾಹಿಗಳ ಬಗ್ಗೆ ಬಂದವರಿಗೆಲ್ಲ ವಿವರಿಸುವವಳು. ಬಾಯಿಗೆ ಏನಿಟ್ಟರು ಎಂದು ಒಮ್ಮೆ ಬಿಡಿಸಿ ನೋಡಿರಲಿಲ್ಲ.

ಬಾಯಿ ಮುಕ್ಕಳಿಸಿ ಒಳಗೆ ಬಂದಳು. ತೊಟ್ಟಿಲಿನಿಂದ ತುಂಗಾಳನ್ನು ಎತ್ತಿ ತಂದು ನಿಂಬೆವ್ವನ ಮಡಿಲಲ್ಲಿ ಹಾಕಿದಳು.

“ಹೌದ್ರಿ ಅತ್ತಿ, ಗುರುಸಿದ್ಧ ಹೊಳ್ಳಿ ಬಂದಾನ. ಯಾವ ರೋಗದಿಂದ ಹೋದ್ನೋ ಅದನ್ನೂ ಕರಕೊಂಡ ಬಂದಾನ. ನಾ ಈಕಿನ್ನ ನಿಮ್ಮ ಕೈಯಾಗ ಕೊಟ್ಟೀನಿ. ಕುತ್ತಿಗಿ ಚೆಲ್ಲಿದಾಗ ಹೆಂಗ ಹಿಡೀಬೇಕು, ನುಂಗೂದು ಬಿಟ್ಟಾಗ ಹಾಲು ಹೆಂಗ ಹಾಕಬೇಕು, ಅದೆಲ್ಲ ಈ ಮನ್ಯಾಗ ನಿಮಗೊಬ್ರಿಗೇ ಗೊತ್ತು. ನನಗ ಬರಂಗಿಲ್ಲ.”

ನಿಂಬೆವ್ವನ ನಗೆ ಆರಿತು. ತುಂಗಾ ಅಜ್ಜಿಯ ಮೂಗುತಿ ಹಿಡಿಯಲು ಕೈ ಚಾಚಿ ಕೇಕೆ ಹಾಕಿದಳು. ನಿಂಬೆವ್ವ ಆ ಕೈಯನ್ನು ಹಿಡಿದುಕೊಂಡು ಕೂತಳು. ಒಳಕೋಣೆಯಲ್ಲಿ ಕನ್ನಡಿಯ ಮುಂದಿನ ಬಳೆಗಳ ಸದ್ದು ಯಾವಾಗಲೋ ನಿಂತಿತ್ತು.

*

ವೃಕ್ಷಪೂಜೆ ಎಂಬುದು ಯಾವ ಶಾಸ್ತ್ರದಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಮರ ನೋಡಿ ಮದುವೆ ಮಾಡುವ ಚಾಳಿ ಬಂದ ಮೇಲೆ ಪೂಜೆಯೂ ಬಂತು, ಪೂಜೆ ಬಂದ ಮೇಲೆ ಅದಕ್ಕೊಂದು ಮಂತ್ರವೂ ಬಂತು. ಕಲ್ಯಾಣಮಂಟಪದ ಗೋಡೆಯಗಲದ ಪರದೆಯ ಮೇಲೆ ಎರಡೂ ಮನೆತನದ ಮರಗಳು ಅಕ್ಕಪಕ್ಕ ನಿಲ್ಲುತ್ತವೆ. ಹಸಿರೋ ಹಸಿರು. ಅದಕ್ಕೆ ಮಾವಿನ ತೋರಣ, ಚೆಂಡುಹೂವಿನ ಮಾಲೆ. ಹೆತ್ತ ತಾಯಂದಿರು ತಮ್ಮ ಮಕ್ಕಳ ಒಂದೊಂದು ಎಲೆಗೆ ಕುಂಕುಮವಿಟ್ಟು, ಹೆಸರು ಹೇಳಿ, ಆರತಿ ಬೆಳಗಬೇಕು. ಇದೆಲ್ಲ ಸಂಬಂಧದ ನೋಂದಣಿಯೂ ಹೌದಾದ್ದರಿಂದ, ಕೇಂದ್ರದ ಕ್ಯಾಮೆರಾ ಮೂಲೆಯಲ್ಲಿ ಕೆಂಪು ದೀಪ ಹೊತ್ತಿಸಿಕೊಂಡು ನೋಡುತ್ತಿರುತ್ತದೆ.

ಮಹಾನಂದಾ ತುಂಗಾಳನ್ನು ಎತ್ತಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಕ್ಯಾಮೆರಾದ ಮುಂದೆ ತಾನೇ ಹೋಗಿ ಕಿರುಚಬಹುದಿತ್ತು, ಆದರೆ ಕಾಯ್ದೆ ಕೇಳುವುದು ಸತ್ತ ಕೂಸನ್ನು ಹೆತ್ತವಳ ಮಾತನ್ನು. ಸುತ್ತ ಅತ್ತರು, ಮಲ್ಲಿಗೆ, ತುಪ್ಪದಲ್ಲಿ ಹುರಿದ ರವೆಯ ವಾಸನೆ. ಅವಳಿಗೆ ಎಲ್ಲದರಲ್ಲೂ ಒಂದು ಕೊಳೆತ ವಾಸನೆ ಸೇರಿದಂತಿತ್ತು. ಗೊಬ್ಬರ ಉಂಡು ಹಸಿರಾದ ಹಾಗೆ ಕಾಣುವ ಆ ಎರಡು ಮರಗಳ ಬುಡದಲ್ಲಿ ಅದೆಷ್ಟು ಕೂಸುಗಳನ್ನು ಹೂತಿದ್ದಾರೋ ಎನಿಸಿತು.

ಗಂಡಿನ ತಾಯಿ ಕಸ್ತೂರವ್ವ ಮೊದಲು ಬಂದಳು. ಮೈತುಂಬ ಬಂಗಾರ, ಬಾಯಿತುಂಬ ನಗೆ. ಒಬ್ಬನೇ ಮಗ, ಒಂದೇ ಎಲೆ. ಕುಂಕುಮವಿಟ್ಟು ಬೆಳಗಿದಳು. ಆಮೇಲೆ ನಿಂಬೆವ್ವ ತಟ್ಟೆ ಹಿಡಿದು ಬಂದಳು.

“ಸಂಗನಬಸು,” ಎಂದು ಒಂದು ಎಲೆಗೆ ಕುಂಕುಮವಿಟ್ಟಳು.

“ದಾಕ್ಷಾಯಣಿ,” ಎಂದು ಇನ್ನೊಂದಕ್ಕೆ ಇಟ್ಟಳು.

ಮುತ್ತೈದೆಯರು ಆರತಿ ಹಾಡಿಗೆ ಕಂಠ ಸರಿಪಡಿಸಿಕೊಂಡರು. ನಿಂಬೆವ್ವ ಹಿಂದೆ ಸರಿಯಲಿಲ್ಲ. ತಟ್ಟೆಯ ದೀಪ ಅಲುಗುತ್ತಿತ್ತು. ತಿರುಗಿ ಹಿಂದಿನ ಸಾಲಿನತ್ತ ನೋಡಿದಳು. ತುಂಗಾ ತಾಯಿಯ ಹೆಗಲ ಮೇಲೆ ಕತ್ತು ನೆಟ್ಟಗೆ ನಿಲ್ಲಿಸಿಕೊಂಡು ದೀಪಗಳನ್ನು ನೋಡುತ್ತಿದ್ದಳು. ನಿಂಬೆವ್ವ ಮತ್ತೆ ಪರದೆಗೆ ತಿರುಗಿ, ಸಂಗನಬಸುವಿನ ಎಲೆಗಿಂತ ಮೇಲೆ, ಟೊಂಗೆಯ ಬರಿದಾದ ಜಾಗದಲ್ಲಿ ಬೆರಳನ್ನು ಗಟ್ಟಿಯಾಗಿ ಒತ್ತಿದಳು.

“ಇಂವ ಗುರುಸಿದ್ಧ. ನನ್ನ ಚೊಚ್ಚಲ ಮಗ. ಏಳು ತಿಂಗಳಿಗಿ ನಗೂದು ಬಿಟ್ಟ, ಕುತ್ತಿಗಿ ಚೆಲ್ಲಿದ, ನುಂಗೂದು ಬಿಟ್ಟ. ಹಾಲು ಹನಿ ಹನಿ ಹಾಕಿದ್ರೂ ಒಳಗ ಇಳೀಲಿಲ್ಲ. ನನ್ನ ತೊಡಿ ಮ್ಯಾಲೆನ ಹೋದ. ನಾನ ಅವನ ಎಲಿ ಚಿವುಟಿಸೀನಿ.”

ಸಂಗನಬಸು ನೆಲ ನೋಡುತ್ತಿದ್ದ. ಮಹಾನಂದಾಳ ಅಪ್ಪ ಎದ್ದು ಮೆಲ್ಲಗೆ ಬಾಗಿಲ ಕಡೆ ಹೊರಟಿದ್ದ.

ಈಗ ಬೀಗರು ಸಿಡಿದೆದ್ದು ಹೋಗುತ್ತಾರೆ ಎಂದು ಎಲ್ಲರೂ ಕಾದರು. ಕಸ್ತೂರವ್ವ ಸಿಡಿಯಲಿಲ್ಲ. ಅದಕ್ಕಿಂತ ಹೇಸಿಗೆಯದನ್ನು ಮಾಡಿದಳು. ನಗುನಗುತ್ತ ಮುಂದೆ ಬಂದು, ಸ್ವಂತ ಸೆರಗಿನ ತುದಿಯಿಂದ ಪರದೆಯ ಮೇಲಿನ ಆ ಕುಂಕುಮವನ್ನು ಒರೆಸಿದಳು. ಎಂಜಲು ಮೇಜು ಒರೆಸುವಂತೆ ಒರೆಸಿದಳು.

“ಆತು ಬಿಡ್ರಿ ಅಕ್ಕಾರ, ಹೊಟ್ಟ್ಯಾಗಿನ ಸಂಕಟಾ ಹೊರಗ ಬಂತು. ಇದರಾಗೇನೈತಿ? ನಾನೂ ಹಡದ ಎರಡು ತೆಗಿಸೀನಿ. ಅವೂ ಹಿಂಗ, ಕುತ್ತಿಗಿ ಚೆಲ್ಲಿದ್ವು, ನುಂಗಲಿಲ್ಲ. ಯಾರ ಮನ್ಯಾಗ ಇಲ್ಲ ಹೇಳ್ರಿ? ಹಾಡ್ರಿ, ಆರತಿ ಹಾಡ್ರಿ.”

ಸುತ್ತ ಕೂತ ಹೆಂಗಸರಲ್ಲಿ ನಾಲ್ಕಾರು ಜನ ತಲೆಯಾಡಿಸಿದರು. ಯಾರೋ ಹಾಡು ಶುರು ಮಾಡಿಯೇಬಿಟ್ಟರು. ಮಹಾನಂದಾಳಿಗೆ ಅಸಹ್ಯವಾಯಿತು. ಮುಚ್ಚಿಟ್ಟದ್ದಕ್ಕಲ್ಲ, ಇದನ್ನು ಎಲ್ಲರೂ ಬಲ್ಲರು, ಬಲ್ಲದ್ದರ ಮೇಲೆ ಕೂತೇ ಹೋಳಿಗೆ ತಿನ್ನುತ್ತಾರೆ ಎಂಬುದಕ್ಕೆ.

ಹಸೆಯ ಮೇಲಿದ್ದ ದಾಕ್ಷಾಯಣಿ ಮುಡಿಯ ಹೂದಂಡೆ ಬಿಚ್ಚಿ ಪಕ್ಕಕ್ಕಿಟ್ಟಳು. “ನಿಮ್ಮಲ್ಲಿ ಎರಡು, ನಮ್ಮಲ್ಲಿ ಒಂದು,” ಎಂದಳು ಅತ್ತೆಯಾಗಬೇಕಿದ್ದವಳಿಗೆ. “ನಾ ಹಡದದ್ದನ್ನೂ ಒರಸಾಕ ಸೆರಗು ಇಟಗೊಂಡೀರೇನ್ರಿ?” ಎಂದು ಎದ್ದು ಬಂದು, ಅವ್ವನ ಕೈಯಿಂದ ಬೀಳುವಂತಿದ್ದ ತಟ್ಟೆಯನ್ನು ಹಿಡಿದುಕೊಂಡಳು.

ಕಸ್ತೂರವ್ವ ಆಗ ಮೂಲೆಯತ್ತ ನೋಡಿದಳು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು.

ಪರದೆಯ ಮೇಲೆ ಗುರುಸಿದ್ಧನ ಜಾಗದಲ್ಲಿ ಒಂದು ಕೆಂಪೆಲೆ ಚಿಗುರಿತು. ಪಕ್ಕದ ಮರದಲ್ಲಿ ಎರಡು. ಕಸ್ತೂರವ್ವ ಸೆರಗಿನಿಂದ ತಿಕ್ಕಿದಳು, ತಿಕ್ಕಿದಳು. ಹಾಗೆ ತಿಕ್ಕಿದರೆ ಹೋಗುವ ಬಣ್ಣ ಅದಲ್ಲ.

*

ಮರುದಿನ ಮುಂಜಾನೆ ಕೇಂದ್ರದಲ್ಲಿ ತುಂಗಾಳ ಹೆಸರಿನ ಮುಂದೆ ‘ಅಪಾಯ’ ಎಂದಿತ್ತು. ಆ ಮಾತನ್ನು ನೋಡಿ ಯಾವ ತಾಯಿಯೂ ಅಷ್ಟು ನಿರಾಳವಾಗಿ ಅತ್ತಿರಲಿಕ್ಕಿಲ್ಲ. ಮಹಾನಂದಾ ಗುಂಡಿ ಒತ್ತಿದಳು.

ಪರದೆ ಅಲ್ಲಿಗೇ ನಿಲ್ಲಲಿಲ್ಲ. ಮುತ್ತಜ್ಜಿ ಮೂರು ಕೆಂಪೆಲೆಗಳನ್ನು ಕಂಡದ್ದೇ, ಇದೇ ದೋಷವಿದ್ದ ಹಳೆಯ ತೀರ್ಪುಗಳನ್ನೆಲ್ಲ ಮರಳಿ ತೆರೆಯತೊಡಗಿತ್ತು. ಇಳಕಲ್ಲಿನ ಕೂಸು, ಬಾದಾಮಿಯ ಕೂಸು, ಕೆರೂರಿನ ಅವಳಿಗಳು. ಎಲ್ಲಕ್ಕೂ ನಿರಪಾಯ ಎಂದು ಒಪ್ಪಿಗೆ ಹಾಕಿದ್ದ ಬೆರಳು ಒಂದೇ. ಕೆಲವು ಇನ್ನೂ ಚಿಕ್ಕವು, ಸಮಯವಿತ್ತು. ಕೆಲವಕ್ಕೆ ವರ್ಷ ದಾಟಿತ್ತು. ಅವು ಈಗ ಹೇಗಿವೆ ಎಂದು ಪರದೆ ಹೇಳುತ್ತಿರಲಿಲ್ಲ, ಯಾರಾದರೂ ಮಾಲಿಯನ್ನು ಕರೆಸಿದ್ದಾರೋ ಏನೋ. ಮಹಾನಂದಾಳಿಗೆ ತನ್ನ ಕೈಯನ್ನು ಎಲ್ಲಾದರೂ ಬಿಟ್ಟು ಹೋಗಬೇಕೆನಿಸಿತು. ಬಿಟ್ಟು ಹೋಗಲು ಬರುವುದಿಲ್ಲವಾದ್ದರಿಂದ, ಅದೇ ಕೈಯಿಂದ ಫೋನೆತ್ತಿ, ಕೆರೂರಿನ ನಂಬರಿನಿಂದ ಶುರು ಮಾಡಿದಳು.

ತುಂಗಾಳಿಗೆ ಚಿಕಿತ್ಸೆ ಆ ವಾರವೇ ಆರಂಭವಾಯಿತು. ಅಳಿಸುವ ಔಷಧಕ್ಕೆ ತಲೆಯ ಎಳೆಗೂದಲು ಉದುರಿತು, ಬಾಯೊಳಗೆ ಹುಣ್ಣಾಯಿತು. ಆಮೇಲೆ ತಿದ್ದಿದ ಕೋಶಗಳನ್ನು ಏರಿಸಿದರು. ಅವು ನೆಲೆ ನಿಲ್ಲುತ್ತವೋ ಇಲ್ಲವೋ ಎಂದು ತಿಳಿಯಲು ತಿಂಗಳುಗಳು ಬೇಕು ಎಂದರು ಫರ್ಜಾನಾ. ಕೂಸನ್ನು ಗಾಜಿನ ಕೋಣೆಯಲ್ಲಿಟ್ಟಿದ್ದರು. ನಿಂಬೆವ್ವ ದಿನವೂ ಬಂದು ಗಾಜಿನ ಹೊರಗೆ ಕೂರುತ್ತಿದ್ದಳು. ಅತ್ತೆ ಸೊಸೆ ಮಾತಾಡುತ್ತಿರಲಿಲ್ಲ. ನಿಂಬೆವ್ವ ತಂದ ಬುತ್ತಿಯನ್ನು ಮಹಾನಂದಾ ಮುಟ್ಟುತ್ತಿರಲಿಲ್ಲ. ಅತ್ತೆಯ ಕೈಯ ಊಟ ಇನ್ನೆಂದೂ ಸೊಸೆಯ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಏಳನೇ ತಿಂಗಳು ಮುಗಿಯುತ್ತ ಬಂದ ಒಂದು ಮಧ್ಯಾಹ್ನ ನಿಂಬೆವ್ವ ತಾನಾಗಿ ಕೇಳಿದಳು.

“ಈಕಿ ತಾಯತದಾಗಿನ ಬಳ್ಳಿ ಎಲ್ಲಿಟ್ಟೀಯೇ ಯವ್ವಾ?”

“ಲ್ಯಾಬಿನ ತಣ್ಣನ ಪೆಟಗ್ಯಾಗ. ಹೆಸರು ಬರದು ಇಟ್ಟೀನಿ.”

“ಕೆಡಂಗಿಲ್ಲ?”

“ಕೆಡಂಗೂ ಇಲ್ಲ,” ಎಂದಳು ಮಹಾನಂದಾ. “ಯಾರೂ ತಿನ್ನಂಗೂ ಇಲ್ಲ.”

ನಿಂಬೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಾಜಿನ ಆಚೆ ನರ್ಸು ತುಂಗಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಮಚೆಯಿಂದ ಹಾಲು ಹಾಕುತ್ತಿದ್ದಳು. ಕೂಸು ಮುಖ ಕಿವುಚಿತು, ಅರ್ಧ ಉಗುಳಿತು. ಇಬ್ಬರೂ ಗಾಜಿಗೆ ಮುಖ ತಾಗಿಸಿ ಅದರ ಗಂಟಲನ್ನೇ ನೋಡುತ್ತ ನಿಂತರು. ಉಳಿದ ಅರ್ಧವನ್ನು ತುಂಗಾ ನುಂಗಿದಳು.